ಹಿಡಿದುಕೊಂಡ ಎಂಜಿನ್: ಕಾರಣವನ್ನು ಹುಡುಕುವ ಒಂದು ಪಾಠ

ತರಗತಿ: 9 ಮತ್ತು 10
ವಿಷಯ: ವಿಜ್ಞಾನ (ಉಷ್ಣ ವ್ಯಾಕೋಚನ, ಘರ್ಷಣೆ, ದಹನ, ಒತ್ತಡ)
ಅವಧಿ: ಮೂರು ಪೀರಿಯಡ್‌ಗಳು
ಸಾಮಗ್ರಿ: ಗ್ಯಾರೇಜಿನಲ್ಲಿ ಎಸೆದಿರುವ ಹಳೆಯ ಪಿಸ್ಟನ್ ಮತ್ತು ಸಿಲಿಂಡರ್, ಬಳಸಿ ಬಿಟ್ಟ ಎರಡು ಮೂರು ಸ್ಪಾರ್ಕ್ ಪ್ಲಗ್‌ಗಳು, ಸೈಕಲ್ ಟ್ಯೂಬಿನ ತುಂಡುಗಳು, ಸಾಬೂನಿನ ನೀರು, ಮುಳ್ಳು ತಿರುಗುವ ಬಗೆಯ ಹಳೆಯ ರಕ್ತದೊತ್ತಡ ಮಾಪಕ

ದಿಂಬಂ ಘಟ್ಟದ 27 ತಿರುವುಗಳನ್ನು ಹತ್ತಿ ಬಂದರೆ ಸಿಗುವ ತಾಳವಾಡಿ ಪ್ರಸ್ಥಭೂಮಿಯಲ್ಲಿ ಹೊಲದಿಂದ ಊರಿಗೆ ಬರುವ ಹಾದಿಗಳು ಬಹುಪಾಲು ಮಣ್ಣಿನವು. ಈ ಹಾದಿಗಳಲ್ಲಿ ಓಡಿಸುವುದಕ್ಕೆಂದೇ ಇಲ್ಲಿನ ಯುವಕರು ನೂರು ಸಿಸಿಯ ಹಳೆಯ ಟೂ-ಸ್ಟ್ರೋಕ್ ಬೈಕನ್ನು ಕಡಿಮೆ ಬೆಲೆಗೆ ಕೊಂಡು, ಮಡ್‌ಗಾರ್ಡು ಕಳಚಿ, ಬಟನ್ ಟೈರ್ ಹಾಕಿಸಿ, ಅದನ್ನು 'ಡರ್ಟ್ ಬೈಕ್' ಮಾಡಿಕೊಳ್ಳುವುದುಂಟು. ಇದು ಒಳ್ಳೆಯದೋ ಕೆಟ್ಟದ್ದೋ ಎಂಬುದು ಬೇರೆಯ ಚರ್ಚೆ. ಅದರ ಕಾನೂನಿನ ಭಾಗವನ್ನು ಎಚ್ಚರಿಕೆಯ ಮಾತಿನಲ್ಲಿ ಹೇಳಲಾಗಿದೆ. ನಮ್ಮ ತರಗತಿಯೊಳಕ್ಕೆ ಈ ಗಾಡಿ ಬಂದದ್ದು ಒಂಬತ್ತನೆಯ ತರಗತಿಯ ಒಬ್ಬ ಹುಡುಗನ ಮೂಲಕ. ಅವನು ಒಂದು ವಾರ ಶಾಲೆಗೆ ಬಂದಿರಲಿಲ್ಲ. ವಿಚಾರಿಸಿದಾಗ, ಎಲೆಕೋಸಿನ ಹೊಲಕ್ಕೆ ಕೂಲಿಗೆ ಹೋಗಿದ್ದನೆಂದು ತಿಳಿಯಿತು. "ಸಾ, ಅಣ್ಣನ ಗಾಡಿ ತಿರ್ಗ ಹಿಡ್ಕಬುಡ್ತು" ಎಂಬುದೇ ಅವನು ಕೊಟ್ಟ ಕಾರಣ.

'ತಿರ್ಗ' ಎಂಬ ಪದವನ್ನು ಗಮನಿಸಬೇಕು. ಎಂಜಿನ್ ಮೊದಲೊಮ್ಮೆ ಹಿಡಿದುಕೊಂಡಿತ್ತು. ಆಗ ಸಿಲಿಂಡರನ್ನು ಲೇತಿಗೆ ಕೊಟ್ಟು ಬೋರ್ ಮಾಡಿಸಿ, ಹೊಸ ಪಿಸ್ಟನ್ ಹಾಕಿಸಿದ್ದರು. ಹತ್ತು ದಿನ ಕಳೆಯುವಷ್ಟರಲ್ಲಿ ಅದೇ ಎಂಜಿನ್ ಅದೇ ರೀತಿಯಲ್ಲಿ ನಿಂತಿತು. ಮೆಕ್ಯಾನಿಕ್ ಪಿಸ್ಟನ್ನಿನ ಗುಣಮಟ್ಟವನ್ನು ದೂರಿದರು, ಅಣ್ಣ ಲೇತಿನವರನ್ನು ದೂರಿದ, ತಂದೆ ಗಾಡಿಯನ್ನೇ ಗುಜರಿಗೆ ಹಾಕೆಂದರು. ಎರಡು ದುರಸ್ತಿಗಳ ವೆಚ್ಚ ಅಣ್ಣನ ಒಂದು ತಿಂಗಳ ಕೂಲಿಯನ್ನು ಮೀರಿ, ತಮ್ಮನ ಒಂದು ವಾರದ ಪಾಠವನ್ನೂ ನುಂಗಿತ್ತು. ಮೂರನೆಯ ಬಾರಿಯೂ ಪಿಸ್ಟನ್ ಬದಲಿಸಿ ಸುಮ್ಮನಾದರೆ ಏನಾಗುವುದೆಂದು ತರಗತಿಯನ್ನು ಕೇಳಿದೆವು. ಪಾಠ ಅಲ್ಲಿಂದ ಆರಂಭವಾಯಿತು.

ಈ ಪಾಠದಲ್ಲಿ ವಿದ್ಯಾರ್ಥಿಗಳಿಗೆ ಮನವರಿಕೆಯಾಗಬೇಕಾದ ವಿಷಯ ಒಂದೇ. ಕೆಟ್ಟುಹೋದ ಭಾಗ ಬೇರೆ, ಅದು ಕೆಡಲು ಇರುವ ಕಾರಣ ಬೇರೆ. ಸವೆದ ಪಿಸ್ಟನ್ ಎಂಬುದು ಪರಿಣಾಮ. ಅದನ್ನು ಬದಲಿಸಿದರೆ ಕಾರಣ ಎಂಜಿನ್ನಿನಲ್ಲಿಯೇ ಉಳಿದು, ಹೊಸ ಪಿಸ್ಟನ್ನನ್ನೂ ಕೆಡಿಸುತ್ತದೆ. ಇಲ್ಲಿ ಮೆಕ್ಯಾನಿಕ್ಕರನ್ನು ಹಳಿಯುವಂತೆ ಪಾಠ ಸಾಗಬಾರದು. ಗಿರಾಕಿಗಳು ಬದಲಿಸಿದ ಸಾಮಾನಿಗೆ ಹಣ ಕೊಡುತ್ತಾರೆಯೇ ಹೊರತು ಕಾರಣ ಹುಡುಕಿದ ಅರ್ಧ ಗಂಟೆಗೆ ಯಾರೂ ಕೊಡುವುದಿಲ್ಲ. ಶಾಲೆಗೆ ಆ ಅರ್ಧ ಗಂಟೆಯ ಬಿಡುವಿದೆ.

ಮೊದಲು ಸವಾರನ ಮಾತು

ಎಂಜಿನ್ನಿಗೆ ಕೈ ಹಾಕುವ ಮೊದಲು ಓಡಿಸಿದವನನ್ನು ಕೇಳಬೇಕು. ನಾವು ಹುಡುಗನಿಗೆ ಐದು ಪ್ರಶ್ನೆಗಳನ್ನು ಬರೆದುಕೊಟ್ಟು, ಅಣ್ಣನಿಂದ ಉತ್ತರ ತರಲು ಹೇಳಿದೆವು: ಎಲ್ಲಿ ನಿಂತಿತು, ಏರಿನಲ್ಲೋ ಇಳಿಜಾರಿನಲ್ಲೋ ಸಮತಟ್ಟಿನಲ್ಲೋ, ಆಗ ಆಕ್ಸಿಲರೇಟರ್ ಎಷ್ಟು ತಿರುವಿತ್ತು, ತಟ್ಟನೆ ನಿಂತಿತೋ, ಶಕ್ತಿ ಕುಂದುತ್ತಾ ನಿಂತಿತೋ, ತಣ್ಣಗಾದ ಮೇಲೆ ಕಿಕ್ ಇಳಿಯಿತೋ, ಅದಕ್ಕೆ ಮುಂಚಿನ ದಿನಗಳಲ್ಲಿ ಗಾಡಿಯಲ್ಲಿ ಏನಾದರೂ ಹೊಸದು ಕಂಡಿತ್ತೋ.

ಉತ್ತರಗಳು ಹೀಗಿದ್ದವು. ಸಮತಟ್ಟಾದ ಉದ್ದನೆಯ ಹಾದಿಯಲ್ಲಿ, ಪೂರ್ಣ ವೇಗದಲ್ಲಿ ಎರಡು ಮೂರು ನಿಮಿಷ ಓಡಿದ ಮೇಲೆ, ತಟ್ಟನೆ ನಿಂತಿತು. ಹಿಂದಿನ ಚಕ್ರ ತಿರುಗದೆ ಜಾರಿತು. ಅರ್ಧ ಗಂಟೆಯ ನಂತರ ಕಿಕ್ ಇಳಿಯಿತು, ಎಂಜಿನ್ ಸ್ಟಾರ್ಟ್ ಕೂಡ ಆಯಿತು, ಆದರೆ ಶಕ್ತಿ ಇರಲಿಲ್ಲ. ಕೊನೆಯ ಪ್ರಶ್ನೆಗೆ ಅಣ್ಣ ಏನೂ ಇಲ್ಲವೆಂದಿದ್ದ. ತಮ್ಮನೇ ಸ್ವಲ್ಪ ಹೊತ್ತು ತಡೆದು ಹೇಳಿದ: "ಆಕ್ಸಿಲೇಟರು ಬುಟ್ರೂವೆ ಗಾಡಿ ಕೂಗ್ತಾನೇ ಇತ್ತು ಸಾ. ಆಮೇಕೆ ಮೆಕ್ಯಾನಿಕ್ಕು ಸ್ಕ್ರೂ ತಿರುವಿ ಸರಿ ಮಾಡುದ್ರು."

ಇಡೀ ರೋಗದ ಮೂಲ ಈ ಒಂದು ಮಾತಿನಲ್ಲಿತ್ತು. ಹೇಳಿದವನು ತರಗತಿಯಲ್ಲಿ ಸಾಮಾನ್ಯವಾಗಿ ಬಾಯಿ ತೆರೆಯದ ಹುಡುಗ. ತನ್ನ ಮಾತು ಪುಸ್ತಕದ ಮಾತಿನಂತಿಲ್ಲವೆಂಬ ಅಳುಕು ನಮ್ಮ ಗಡಿನಾಡಿನ ಶಾಲೆಗಳಲ್ಲಿ ಹಲವು ಮಕ್ಕಳಿಗೆ ಇದೆ. ಆದುದರಿಂದ ಈ ಹಂತದಲ್ಲಿ ಉತ್ತರವನ್ನು ಶಿಷ್ಟಭಾಷೆಗೆ ತಿದ್ದಿ ಬರೆಯಬಾರದು. ಅವನು ಹೇಳಿದಂತೆಯೇ ಕಪ್ಪುಹಲಗೆಯ ಮೇಲೆ ಬರೆದು, ಪಕ್ಕದಲ್ಲಿ ಅದರ ಅರ್ಥವನ್ನು ಕಟ್ಟುತ್ತಾ ಹೋಗಬೇಕು.

ಮೂರು ಪರೀಕ್ಷೆಗಳು

ಪೆಟ್ರೋಲ್ ಎಂಜಿನ್ ಓಡಲು ಕಿಡಿ, ಸರಿಯಾದ ಅನುಪಾತದ ಪೆಟ್ರೋಲ್-ಗಾಳಿ ಮಿಶ್ರಣ, ಮತ್ತು ಆ ಮಿಶ್ರಣವನ್ನು ಅದುಮಲು ಸೋರಿಕೆಯಿಲ್ಲದ ಸಿಲಿಂಡರ್ ಈ ಮೂರೂ ಬೇಕು. ಕಿಡಿಯಿತ್ತು, ಸ್ಟಾರ್ಟ್ ಆದುದೇ ಅದಕ್ಕೆ ಸಾಕ್ಷಿ. ಪೆಟ್ರೋಲೂ ಬರುತ್ತಿತ್ತು. ಕಿಕ್ ಮಾತ್ರ ಹಗುರವಾಗಿ ಇಳಿಯುತ್ತಿತ್ತು. ಸಂಪೀಡನ ಕಡಿಮೆಯಾಗಿದೆ ಎಂಬುದನ್ನು ಅನುಭವಿಯ ಕಾಲೇ ಹೇಳುತ್ತದೆ. ಒತ್ತಡ ಮಾಪಕವಿದ್ದರೆ ಅಂಕಿಯಲ್ಲಿಯೂ ತೋರಿಸಬಹುದು. ಇಷ್ಟಕ್ಕೆ ಹೆಚ್ಚು ಸಮಯ ಬೇಡ.

ಪ್ಲಗ್‌ಗೆ ಮಾತ್ರ ಐದು ನಿಮಿಷ ಕೊಡಬೇಕು. ಸರಿಯಾಗಿ ಉರಿದ ಎಂಜಿನ್ನಿನ ಪ್ಲಗ್ಗಿನ ತುದಿಯಲ್ಲಿ ಪಿಂಗಾಣಿ ತಿಳಿಗಂದು ಬಣ್ಣಕ್ಕಿರುತ್ತದೆ. ಪೆಟ್ರೋಲ್ ಅಥವಾ ಎಣ್ಣೆ ಹೆಚ್ಚಾದರೆ ಕಪ್ಪು ಮಸಿ ಹಿಡಿದು ಒದ್ದೆಯಾಗಿರುತ್ತದೆ. ಗಾಳಿ ಹೆಚ್ಚಾಗಿ ಪೆಟ್ರೋಲ್ ಕಡಿಮೆಯಾದರೆ ಬಿಳಿಚಿಕೊಂಡಿರುತ್ತದೆ. ಹುಡುಗ ತಂದ ಪ್ಲಗ್ ಸುಣ್ಣ ಬಳಿದಂತೆ ಬೆಳ್ಳಗಿತ್ತು. ಭೂತಗನ್ನಡಿಯಲ್ಲಿ ನೋಡಿದಾಗ ಅದರ ಮೇಲೆ ಹೊಳೆಯುವ ಸಣ್ಣ ಚುಕ್ಕೆಗಳು ಕಂಡವು. ಅವು ಕರಗಿ ಸಿಡಿದ ಅಲ್ಯೂಮಿನಿಯಂ ಕಣಗಳು, ಅಂದರೆ ಪಿಸ್ಟನ್ನಿನ ತುಣುಕುಗಳು.

ಪಿಸ್ಟನ್ ಮೇಲಿನ ಗೆರೆಗಳನ್ನು ಓದುವುದು

ಎಂಜಿನ್ ಬಿಚ್ಚಿದ ಮೇಲೆ ಹೆಚ್ಚಿನವರು ಪಿಸ್ಟನ್ನನ್ನು ನೋಡಿದ ಕೂಡಲೇ ಎಸೆಯುತ್ತಾರೆ. ಆದರೆ ಗೆರೆ ಎಲ್ಲಿ ಬಿದ್ದಿದೆ ಎಂಬುದರಲ್ಲಿ ಬಹಳ ಮಾಹಿತಿ ಇರುತ್ತದೆ. ಗ್ಯಾರೇಜಿನವರನ್ನು ಕೇಳಿ ಮೂರು ನಾಲ್ಕು ಹಾಳಾದ ಪಿಸ್ಟನ್‌ಗಳನ್ನು ತಂದು ಮಕ್ಕಳ ಕೈಗೆ ಕೊಡಬೇಕು. ಅವರು ಸಂತೋಷದಿಂದ ಕೊಡುತ್ತಾರೆ.

ಸುತ್ತಲೂ ಎಲ್ಲ ಕಡೆ ಉಜ್ಜಿದ ಗುರುತಿದ್ದರೆ ಎಣ್ಣೆಯ ಕೊರತೆಯನ್ನು ಶಂಕಿಸಬೇಕು. ಪೆಟ್ರೋಲಿಗೆ ಎಣ್ಣೆ ಬೆರೆಸಲು ಮರೆತಾಗ ಹೀಗಾಗುತ್ತದೆ. ನಾಲ್ಕು ಕಡೆಗಳಲ್ಲಿ ಪಟ್ಟೆ ಪಟ್ಟೆಯಾಗಿ ಬಿದ್ದಿದ್ದರೆ, ಎಂಜಿನ್ ಬಿಸಿಯಾಗುವ ಮುನ್ನವೇ ಜೋರಾಗಿ ಓಡಿಸಿದ್ದಾರೆ. ಪಿಸ್ಟನ್ ಬೇಗ ಹಿಗ್ಗಿ, ಸಿಲಿಂಡರ್ ಇನ್ನೂ ತಣ್ಣಗೇ ಇದ್ದು, ಎರಡೂ ಒಂದಕ್ಕೊಂದು ಸಿಕ್ಕಿಕೊಂಡಿವೆ. ಗಾಳಿ ಒಳಬರುವ ಕಡೆಯಲ್ಲಿ ಮಂಕಾದ, ಸಣ್ಣ ಸಣ್ಣ ಉದ್ದಗೆರೆಗಳಿದ್ದರೆ ಅದು ದೂಳಿನ ಕೆಲಸ. ಹರಿದ ಏರ್ ಫಿಲ್ಟರಿನಿಂದ ಒಳಹೊಕ್ಕ ಮರಳಿನ ಕಣ ಎರಕದ ಕಬ್ಬಿಣಕ್ಕಿಂತ ಗಡುಸಾಗಿದ್ದು, ಅರದಂತೆ ಉಜ್ಜುತ್ತದೆ. ಆದೋನಿ, ರಾಯದುರ್ಗ, ಜತ್ತದಂತಹ ಒಣನಾಡಿನ ಶಿಕ್ಷಕರಿಗೆ ಈ ಬಗೆಯ ಪಿಸ್ಟನ್ನೇ ಹೆಚ್ಚಾಗಿ ಸಿಗಬಹುದು. ಆದರೆ ದೂಳು ನಿಧಾನವಾಗಿ ಕೊಲ್ಲುವ ರೋಗ; ಅದು ತಿಂಗಳುಗಟ್ಟಲೆ ಶಕ್ತಿಯನ್ನು ಕುಂದಿಸುತ್ತದೆ, ಎಂಜಿನ್ನನ್ನು ತಟ್ಟನೆ ನಿಲ್ಲಿಸುವುದು ಅಪರೂಪ.

ನಮ್ಮ ಪಿಸ್ಟನ್ನಿನಲ್ಲಿ ಗುರುತುಗಳು ಸೈಲೆನ್ಸರ್ ಕಡೆಗೆ, ಅಂದರೆ ಹೊಗೆ ಹೊರಹೋಗುವ ಕಿಂಡಿಯ ಕಡೆಗೆ ಮಾತ್ರ ಇದ್ದವು. ಎಂಜಿನ್ನಿನಲ್ಲಿ ಅತ್ಯಂತ ಬಿಸಿಯಾಗುವ ಭಾಗ ಅದೇ. ಎಣ್ಣೆ ಪೂರ್ಣವಾಗಿ ತಪ್ಪಿದ್ದರೆ ಎಲ್ಲ ಕಡೆಯೂ ಉಜ್ಜಬೇಕಿತ್ತು. ಆದುದರಿಂದ ಇದು ಮಿತಿಮೀರಿದ ಶಾಖದ ಗುರುತು. ಪ್ಲಗ್ಗಿನ ಬಿಳುಪು ಇದನ್ನೇ ಹೇಳಿತ್ತು. ಎರಡು ಸಾಕ್ಷಿಗಳು ಒಂದೇ ಕಡೆಗೆ ಬೆರಳು ತೋರಿದಾಗ ತರಗತಿಯಲ್ಲಿ ಉಂಟಾದ ಉತ್ಸಾಹವನ್ನು ನೋಡಿಯೇ ತಿಳಿಯಬೇಕು.

ಇಲ್ಲಿ ಒಂದು ಲೆಕ್ಕ ಮಾಡಿಸಬೇಕು. ಸಿಲಿಂಡರಿನ ವ್ಯಾಸ 50 ಮಿ.ಮೀ., ಪಿಸ್ಟನ್ನಿನ ಚಲನೆಯ ಉದ್ದ 50 ಮಿ.ಮೀ. ಆದರೆ ಗಾತ್ರ ಸುಮಾರು 98 ಘನ ಸೆಂ.ಮೀ. ಬರುತ್ತದೆ, 'ನೂರು ಸಿಸಿ' ಎಂಬ ಮಾತಿನ ಅರ್ಥ ಇದರಿಂದಲೇ ತಿಳಿಯುತ್ತದೆ. ಪಿಸ್ಟನ್ನಿನ ಅಲ್ಯೂಮಿನಿಯಂ ಮಿಶ್ರಲೋಹ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ತನ್ನ ಅಳತೆಯ ದಶಲಕ್ಷದಲ್ಲಿ ಸುಮಾರು 20 ಪಾಲು ಹಿಗ್ಗುತ್ತದೆ, ಎರಕದ ಕಬ್ಬಿಣ ಸುಮಾರು 11 ಪಾಲು. ತಣ್ಣಗಿರುವಾಗ ಇವೆರಡರ ನಡುವಿನ ಸಂದು 0.05 ಮಿ.ಮೀ. ಇದೆ ಎಂದು ಇಟ್ಟುಕೊಳ್ಳೋಣ. ಇದು ತಲೆಗೂದಲಿನ ದಪ್ಪಕ್ಕಿಂತ ಕಡಿಮೆ. ಎರಡೂ 80 ಡಿಗ್ರಿಯಷ್ಟು ಬಿಸಿಯೇರಿದರೆ ಪಿಸ್ಟನ್ 0.08 ಮಿ.ಮೀ., ಸಿಲಿಂಡರ್ 0.044 ಮಿ.ಮೀ. ಹಿಗ್ಗುತ್ತವೆ. ಸಂದಿನಲ್ಲಿ 0.036 ಹೋಗಿ 0.014 ಮಾತ್ರ ಉಳಿಯಿತು. ಎಣ್ಣೆಯ ಪದರ ಇರುವುದು ಇಷ್ಟರಲ್ಲಿಯೇ. ಇನ್ನು ಸಿಲಿಂಡರಿಗೆ ಹೊರಗಿನ ಗಾಳಿ ತಗಲುತ್ತದೆ, ಪಿಸ್ಟನ್ನಿಗೆ ತಗಲುವುದಿಲ್ಲ. ಪಿಸ್ಟನ್ ಒಂದೇ ಮತ್ತೆ 40 ಡಿಗ್ರಿ ಬಿಸಿಯಾದರೆ ಇನ್ನೂ 0.04 ಮಿ.ಮೀ. ಹಿಗ್ಗಬೇಕು. ಜಾಗವಿಲ್ಲ. 'ಹಿಡ್ಕಬುಡ್ತು' ಎಂಬ ಪದದ ಪೂರ್ಣ ವಿವರಣೆ ಇದು. ತಣ್ಣಗಾದ ಮೇಲೆ ಕಿಕ್ ಇಳಿದದ್ದು ಏಕೆಂಬುದನ್ನು ಈಗ ಮಕ್ಕಳೇ ಹೇಳುತ್ತಾರೆ.

"ಹಾಗಾದರೆ ಎಲ್ಲ ಗಾಡಿಗಳೂ ದಿನವೂ ಯಾಕೆ ಹಿಡಿದುಕೊಳ್ಳುವುದಿಲ್ಲ?" ಎಂದು ಯಾರಾದರೂ ಕೇಳುವುದು ಖಂಡಿತ, ಕೇಳದಿದ್ದರೆ ಶಿಕ್ಷಕರೇ ಕೇಳಬೇಕು. ಒಳಬರುವ ಪೆಟ್ರೋಲ್ ಆವಿಯಾಗುವಾಗ ಶಾಖವನ್ನು ಹೀರಿಕೊಂಡು ಪಿಸ್ಟನ್ನನ್ನು ತಂಪಾಗಿಡುತ್ತದೆ, ಮಡಕೆಯ ನೀರು ತಂಪಾಗುವಂತೆ. ಈ ಗಾಡಿಯಲ್ಲಿ ಎಣ್ಣೆಯ ಪಂಪನ್ನು ತೆಗೆದುಹಾಕಿ, ಒಂದು ಲೀಟರ್ ಪೆಟ್ರೋಲಿಗೆ 25 ಮಿ.ಲೀ. ಎಣ್ಣೆಯನ್ನು ಟ್ಯಾಂಕಿನಲ್ಲಿಯೇ ಬೆರೆಸುತ್ತಿದ್ದರು. ಆದುದರಿಂದ ಗಾಳಿಯ ಪಾಲು ಹೆಚ್ಚಿ ಪೆಟ್ರೋಲಿನ ಪಾಲು ಇಳಿದರೆ ತಂಪೂ ಇಳಿಯುತ್ತದೆ, ಜೊತೆಗೆ ಎಣ್ಣೆಯೂ ಇಳಿಯುತ್ತದೆ. ಘಟ್ಟದ ಇಳಿಜಾರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಗೇರಿನಲ್ಲಿಯೇ ಇಳಿದರೂ ಇಂತಹ ಎಂಜಿನ್ನಿಗೆ ಎಣ್ಣೆ ತಪ್ಪುತ್ತದೆ. ಆದರೆ ಈ ಗಾಡಿ ಸಮತಟ್ಟಿನಲ್ಲಿ ನಿಂತದ್ದರಿಂದ ಆ ಸಂದೇಹವನ್ನು ಕೈಬಿಟ್ಟೆವು.

ಗಾಳಿ ಎಲ್ಲಿಂದ ಬಂತು?

ಈಗ ತಮ್ಮನ ಮಾತಿಗೆ ಮರಳಬೇಕು. ಆಕ್ಸಿಲರೇಟರ್ ಬಿಟ್ಟರೆ ಕಾರ್ಬ್ಯುರೇಟರಿನ ದಾರಿ ಮುಚ್ಚಿಕೊಂಡು, ಎಂಜಿನ್ನಿನ ವೇಗ ಇಳಿಯಬೇಕು. ಇಳಿಯದೆ ಕೂಗುತ್ತಿದ್ದರೆ ಒಂದೋ ಕೇಬಲ್ ಸಿಕ್ಕಿಕೊಂಡಿದೆ, ಇಲ್ಲವೇ ಕಾರ್ಬ್ಯುರೇಟರನ್ನು ದಾಟಿದ ಮೇಲೆ ಎಲ್ಲಿಂದಲೋ ಗಾಳಿ ನುಗ್ಗುತ್ತಿದೆ. ಮೆಕ್ಯಾನಿಕ್ ಐಡ್ಲಿಂಗ್ ಸ್ಕ್ರೂ ತಿರುವಿ ಕೂಗನ್ನು ನಿಲ್ಲಿಸಿದರು. ಕೂಗು ನಿಂತಿತು, ಗಾಳಿ ನಿಲ್ಲಲಿಲ್ಲ. ಎಚ್ಚರಿಸುತ್ತಿದ್ದ ಒಂದೇ ಒಂದು ಲಕ್ಷಣವೂ ಹೀಗೆ ಮರೆಯಾಯಿತು.

ಸೋರಿಕೆಯನ್ನು ಪತ್ತೆಹಚ್ಚಲು ಗ್ಯಾರೇಜುಗಳಲ್ಲಿ ಓಡುತ್ತಿರುವ ಎಂಜಿನ್ನಿನ ಮೇಲೆ ಪೆಟ್ರೋಲ್ ಚಿಮುಕಿಸಿ ಶಬ್ದ ಬದಲಾಗುವುದನ್ನು ಗಮನಿಸುವುದುಂಟು. ಬಿಸಿ ಸೈಲೆನ್ಸರಿನ ಪಕ್ಕದಲ್ಲಿ ಇದು ಅಪಾಯಕಾರಿ. ಶಾಲೆಯಲ್ಲಿ ಎಂದಿಗೂ ಮಾಡಬಾರದು. ಅದಕ್ಕೆ ಬದಲಾಗಿ ನಾವು ನಿಂತ, ತಣ್ಣಗಿನ, ಟ್ಯಾಂಕ್ ಕಳಚಿದ ಎಂಜಿನ್ನಿನ ಮೇಲೆ ರಕ್ತದೊತ್ತಡ ಮಾಪಕವನ್ನು ಬಳಸಿದೆವು. ಪಿಸ್ಟನ್ನನ್ನು ಕೆಳಗಿಳಿಸಿ ನಿಲ್ಲಿಸಿದರೆ ಟೂ-ಸ್ಟ್ರೋಕ್ ಎಂಜಿನ್ನಿನ ಒಳಭಾಗವೆಲ್ಲ ಒಂದೇ ಕೋಣೆಯಂತಾಗುತ್ತದೆ. ಸೈಲೆನ್ಸರ್ ಜೋಡಿಸುವ ಬಾಯಿಗೆ ಸೈಕಲ್ ಟ್ಯೂಬಿನ ರಬ್ಬರ್ ಇಟ್ಟು ತಗಡಿನಿಂದ ಬಿಗಿದೆವು. ಕಾರ್ಬ್ಯುರೇಟರನ್ನು ತೆಗೆದು, ಅದು ಕೂರುವ ರಬ್ಬರ್ ಕೊಳವೆಯ ಬಾಯಿಗೆ ಬಿರಡೆ ಹಾಕಿ, ಅದರ ರಂಧ್ರದಲ್ಲಿ ಮಾಪಕದ ನಳಿಕೆಯನ್ನು ತೂರಿಸಿದೆವು. ಒಳದಾರಿಯಲ್ಲಿರುವ ರೀಡ್ ವಾಲ್ವ್ ಒಳಮುಖವಾಗಿ ಮಾತ್ರ ತೆರೆಯುವುದರಿಂದ ಗಾಳಿಯನ್ನು ಈ ಕಡೆಯಿಂದಲೇ ತುಂಬಬೇಕು. ಇನ್ನೊಂದು ಕಡೆಯಿಂದ ತುಂಬಿದರೆ ರಬ್ಬರ್ ಕೊಳವೆ ಪರೀಕ್ಷೆಗೆ ಒಳಪಡುವುದೇ ಇಲ್ಲ.

ಬುರುಡೆಯನ್ನು ಒತ್ತಿ ಮುಳ್ಳನ್ನು 300ಕ್ಕೆ ತಂದೆವು. 300 ಮಿ.ಮೀ. ಪಾದರಸವೆಂದರೆ ವಾಯುಮಂಡಲದ ಒತ್ತಡದ ಎಷ್ಟು ಪಾಲು ಎಂದು ಕೇಳಿದರೆ ಮಕ್ಕಳು 760ರಿಂದ ಭಾಗಿಸಿ ಸುಮಾರು 0.4 ಎನ್ನುತ್ತಾರೆ. ಗಟ್ಟಿಯಾದ ಎಂಜಿನ್ನಿನಲ್ಲಿ ಮುಳ್ಳು ಹಲವು ನಿಮಿಷ ಬಹುತೇಕ ಅಲ್ಲಿಯೇ ನಿಲ್ಲಬೇಕು. ನಮ್ಮದು ನೋಡುತ್ತಿದ್ದಂತೆ ಇಳಿಯಿತು. ಸಾಬೂನಿನ ನೀರನ್ನು ಕುಂಚದಿಂದ ಎಲ್ಲ ಜೋಡಣೆಗಳ ಮೇಲೆ ಹಚ್ಚುತ್ತಾ ಬಂದಾಗ, ರಬ್ಬರ್ ಕೊಳವೆಯ ಅಡಿಭಾಗದಲ್ಲಿ ಗುಳ್ಳೆಗಳ ಸಾಲು ಎದ್ದಿತು. ಮೇಲಿನಿಂದ ನೋಡಿದರೆ ಕೊಳವೆ ಚೆನ್ನಾಗಿಯೇ ಇತ್ತು. ಅಡಿಯಲ್ಲಿ ಉಗುರಿನಷ್ಟು ಉದ್ದದ ಬಿರುಕು. ಹಳ್ಳದಿಣ್ಣೆಗಳಲ್ಲಿ ಕಾರ್ಬ್ಯುರೇಟರ್ ತೂಗಾಡಿದಾಗಲೆಲ್ಲ ಅದು ಬಾಯಿ ಬಿಡುತ್ತಿತ್ತು.

ದುರಸ್ತಿ

ದುರಸ್ತಿಯ ಕೆಲಸ ಗ್ಯಾರೇಜಿನಲ್ಲಿಯೇ ಆಯಿತು. ಶಾಲೆ ಮಾಡಿದ್ದು ಒಂದು ಚೀಟಿ ಬರೆದು ಕೊಟ್ಟದ್ದಷ್ಟೇ. ಮೊದಲ ಸಾಲಿನಲ್ಲಿ ಹೊಸ ರಬ್ಬರ್ ಕೊಳವೆ, ಹೊಸ ಗ್ಯಾಸ್ಕೆಟ್ ಎಂದಿತ್ತು. ಪಿಸ್ಟನ್ ಅದರ ನಂತರದ ಮಾತು. ಗೆರೆ ಬಿದ್ದ ಸಿಲಿಂಡರನ್ನು ಮುಂದಿನ ಅಳತೆಗೆ ಬೋರ್ ಮಾಡಿಸಿ, ಅದಕ್ಕೆ ಹೊಂದುವ ಪಿಸ್ಟನ್ ಮತ್ತು ರಿಂಗ್ ಹಾಕಿದರು. ಬೋರ್ ಆದ ಮೇಲೆ ಕಿಂಡಿಗಳ ಅಂಚು ಚೂಪಾಗಿ ಉಳಿಯುತ್ತದೆ. ಅದನ್ನು ಸ್ವಲ್ಪ ಉಜ್ಜಿ ದುಂಡಾಗಿಸದಿದ್ದರೆ ರಿಂಗ್ ಅಲ್ಲಿ ಸಿಕ್ಕಿ ಮುರಿಯುತ್ತದೆ. ಪಿಸ್ಟನ್ ತಲೆಯ ಮೇಲಿನ ಬಾಣದ ಗುರುತು ಹೊಗೆ ಕಿಂಡಿಯ ಕಡೆಗಿರಬೇಕು. ಕೆಳಗಿನ ಕೋಣೆಯಲ್ಲಿ ಬಿದ್ದ ಲೋಹದ ಪುಡಿಯನ್ನು ತೊಳೆದು ತೆಗೆಯಬೇಕು. ಎಲ್ಲವನ್ನೂ ಜೋಡಿಸಿದ ಮೇಲೆ, ಸ್ಟಾರ್ಟ್ ಮಾಡುವ ಮುನ್ನ, ಮಾಪಕದಿಂದ ಮತ್ತೊಮ್ಮೆ ಒತ್ತಡ ನೋಡಿದರು. ಮುಳ್ಳು ನಿಂತಿತು. ಮೆಕ್ಯಾನಿಕ್ ಆ ಮಾಪಕವನ್ನು ಎರಡು ದಿನಕ್ಕೆ ಕೇಳಿ ಪಡೆದು, ಇನ್ನೂ ಹಿಂದಿರುಗಿಸಿಲ್ಲ.

ಸಿಲಿಂಡರಿಗೆ ಅಂಟಿದ ಅಲ್ಯೂಮಿನಿಯಂ ಕುರಿತು ರಸಾಯನ ವಿಜ್ಞಾನದ ಒಂದು ಮಾತನ್ನು ಇಲ್ಲಿ ಸೇರಿಸಬಹುದು. ಗಾಯ ಆಳವಿಲ್ಲದಿದ್ದರೆ ಆ ಪದರವನ್ನು ಕಾಸ್ಟಿಕ್ ಸೋಡದ ದ್ರಾವಣದಿಂದ ಕರಗಿಸಬಹುದು. ಆಮ್ಲ ಎರಡು ಲೋಹಗಳನ್ನೂ ತಿನ್ನುತ್ತದೆ. ಪ್ರತ್ಯಾಮ್ಲ ಅಲ್ಯೂಮಿನಿಯಮನ್ನು ಮಾತ್ರ ಕರಗಿಸಿ ಕಬ್ಬಿಣವನ್ನು ಬಿಡುತ್ತದೆ. ಹೊರಬರುವ ಅನಿಲ ಹೈಡ್ರೋಜನ್ ಆದುದರಿಂದ ಬೆಂಕಿ ಹತ್ತಿರವಿರಬಾರದು. ಪ್ರಯೋಗವನ್ನು ಶಿಕ್ಷಕರೇ, ಕೈಗವಸು ಮತ್ತು ಕನ್ನಡಕ ಧರಿಸಿ, ಬಯಲಿನಲ್ಲಿ ಮಾಡಿ ತೋರಿಸಬೇಕು.

ಪದಗಳ ಪಟ್ಟಿ

ಕೊನೆಯ ಪೀರಿಯಡ್‌ನಲ್ಲಿ ಮೂರು ಅಂಕಣಗಳ ಪಟ್ಟಿಯೊಂದನ್ನು ಮಕ್ಕಳಿಂದಲೇ ಮಾಡಿಸಬೇಕು: ಮನೆಯಲ್ಲಿ ಆಡುವ ಮಾತು, ಗ್ಯಾರೇಜಿನ ಮಾತು, ಪುಸ್ತಕದ ಮಾತು. 'ಹಿಡ್ಕಬುಡ್ತು', 'ಸೀಜ್', 'ಉಷ್ಣ ವ್ಯಾಕೋಚನದಿಂದ ಉಂಟಾದ ತಡೆ' ಇವು ಒಂದೇ ಸಾಲಿಗೆ ಬರುತ್ತವೆ. ನಮ್ಮಲ್ಲಿ ಎರಡನೆಯ ಅಂಕಣದಲ್ಲಿ ತಮಿಳು ಪದಗಳು ಸೇರಿದವು. ಕಾಸರಗೋಡಿನಲ್ಲಿ ಮಲಯಾಳ, ತುಳು, ಸೊಲ್ಲಾಪುರ ಅಕ್ಕಲಕೋಟೆಗಳಲ್ಲಿ ಮರಾಠಿ, ಮಡಕಶಿರದಲ್ಲಿ ತೆಲುಗು ಸೇರಬಹುದು. ಅವನ್ನು ಹೊರಗಿಡುವ ಅಗತ್ಯವಿಲ್ಲ. ಗ್ಯಾರೇಜಿನಲ್ಲಿ ನಮ್ಮ ಮಕ್ಕಳು ಅನ್ನ ಸಂಪಾದಿಸಬೇಕಾದದ್ದು ಆ ಪದಗಳಿಂದಲೇ. ಆದರೆ ಕಾರಣವನ್ನು ಮೂರು ವಾಕ್ಯಗಳಲ್ಲಿ ಕ್ರಮವಾಗಿ ಬರೆಯಲು ಕೇಳಿದಾಗ ಮೂರನೆಯ ಅಂಕಣದ ಪದಗಳಿಲ್ಲದೆ ಸಾಗುವುದಿಲ್ಲವೆಂಬುದನ್ನು ಮಕ್ಕಳು ತಾವೇ ಕಂಡುಕೊಂಡರು.

ಎಚ್ಚರಿಕೆ

ತರಗತಿಯೊಳಗೆ ಪೆಟ್ರೋಲ್ ತರಬಾರದು. ಪ್ಲಗ್ಗಿನ ಕಿಡಿಯನ್ನು ತೋರಿಸುವುದಾದರೆ ಟ್ಯಾಂಕ್ ಕಳಚಿದ ಎಂಜಿನ್ನಿನಲ್ಲಿ, ಪ್ಲಗ್ ರಂಧ್ರದಿಂದ ದೂರದಲ್ಲಿ, ಬಯಲಿನಲ್ಲಿ ತೋರಿಸಬೇಕು. ಗೇರ್ ಇರುವ ಮೋಟಾರ್ ಸೈಕಲ್ ಓಡಿಸಲು 18 ವರ್ಷ ತುಂಬಿ ಪರವಾನಗಿ ಪಡೆದಿರಬೇಕೆಂಬುದನ್ನೂ, ಗಾಡಿಯ ಮೂಲರೂಪವನ್ನು ಮನಬಂದಂತೆ ಬದಲಿಸಿ ಸಾರ್ವಜನಿಕ ರಸ್ತೆಗೆ ತರುವುದು ಕಾನೂನಿಗೆ ವಿರುದ್ಧವೆಂಬುದನ್ನೂ ಸ್ಪಷ್ಟವಾಗಿ ತಿಳಿಸಬೇಕು. ಓಡುವಾಗ ಎಂಜಿನ್ ಹಿಡಿದುಕೊಂಡರೆ ಮಾಡಬೇಕಾದ ಮೊದಲ ಕೆಲಸ ಕ್ಲಚ್ ಒತ್ತುವುದು. ಆಗ ಹಿಂದಿನ ಚಕ್ರ ಬಿಡುಗಡೆಯಾಗಿ ಸವಾರ ಬೀಳುವುದು ತಪ್ಪುತ್ತದೆ. ಇದನ್ನು ಮನೆಯಲ್ಲಿರುವ ಅಣ್ಣಂದಿರಿಗೆ ಹೇಳಲು ಮಕ್ಕಳಿಗೆ ತಿಳಿಸಬೇಕು.

ಮೌಲ್ಯಮಾಪನಕ್ಕೆ ಪ್ರಶ್ನೆಗಳು

1. ಒಂದು ಗಾಡಿಯ ಪ್ಲಗ್ ಕಪ್ಪಾಗಿ ಒದ್ದೆಯಾಗಿದೆ; ಪಿಸ್ಟನ್ನಿನ ಸುತ್ತಲೂ ಉಜ್ಜಿದ ಗುರುತಿದೆ. ಈ ಎರಡು ಸಾಕ್ಷಿಗಳು ಒಂದಕ್ಕೊಂದು ಹೊಂದುತ್ತವೆಯೇ? ಹೊಂದದಿದ್ದರೆ ಸವಾರನನ್ನು ಮುಂದೆ ಏನು ಕೇಳುವಿರಿ?

2. ಮೇಲಿನ ಲೆಕ್ಕದಲ್ಲಿ ಸಿಲಿಂಡರನ್ನೂ ಪಿಸ್ಟನ್ನಿನ ಮಿಶ್ರಲೋಹದಿಂದಲೇ ಮಾಡಿದ್ದರೆ, ಎರಡೂ 80 ಡಿಗ್ರಿ ಬಿಸಿಯೇರಿದಾಗ ಸಂದು ಎಷ್ಟು ಉಳಿಯುತ್ತಿತ್ತು?

3. ನಿಮ್ಮ ಮನೆಯಲ್ಲಿ ಅಥವಾ ಹೊಲದಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಅದೇ ರೀತಿ ಕೆಟ್ಟ ಒಂದು ವಸ್ತುವನ್ನು (ಪಂಪ್‌ಸೆಟ್, ಮಿಕ್ಸಿ, ಸೈಕಲ್) ಆರಿಸಿಕೊಳ್ಳಿರಿ. ಪ್ರತಿ ಬಾರಿ ಏನನ್ನು ಬದಲಿಸಿದರು, ಏನನ್ನು ಪರೀಕ್ಷಿಸಲಿಲ್ಲ ಎಂಬುದನ್ನು ಮನೆಯವರನ್ನು ಕೇಳಿ, ಅವರ ಮಾತಿನಲ್ಲಿಯೇ ಬರೆದುಕೊಂಡು ಬನ್ನಿರಿ.